ಚಾದರದ ಕೆಳಗಿನ ಹೊಲ

2025ರ ರಾಜ್ಯೋತ್ಸವದ ಮರುವಾರ ನಮ್ಮ ಸಂಘದ ಸಭಾಂಗಣದಲ್ಲಿ ನಡೆದ ಗೋಷ್ಠಿಯಲ್ಲಿ ಹಿರಿಯ ಸದಸ್ಯರೊಬ್ಬರು ಉತ್ತರ ಭಾರತದ ಸಾಮಾಜಿಕ ಪದ್ಧತಿಗಳನ್ನು ಕುರಿತು ಮಾತನಾಡಿದರು. ಮಾತಿನ ನಡುವೆ ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ಓದಿದರು. ಆ ವರ್ಷದ ಜುಲೈ ತಿಂಗಳಲ್ಲಿ ಹಿಮಾಚಲ ಪ್ರದೇಶದ ಶಿಲ್ಲಾಯಿ ಎಂಬಲ್ಲಿ ಅಣ್ಣತಮ್ಮಂದಿರಿಬ್ಬರು ಒಬ್ಬಳೇ ವಧುವನ್ನು ಊರೆಲ್ಲ ನೋಡುವಂತೆ ವಿಧ್ಯುಕ್ತವಾಗಿ ವರಿಸಿದ ಸುದ್ದಿ ಅದು. ಓದಿ ಮುಗಿಸಿ, ಕನ್ನಡಕವನ್ನು ಹಣೆಗೇರಿಸಿ, “ಆಶ್ಚರ್ಯವೇನಿಲ್ಲ. ಪಂಜಾಬಿಗಳ ರಕ್ತದಲ್ಲೇ ಇದೆ. ಪಾಂಚಾಲಿಯ ತವರಲ್ಲವೇ!” ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದು ಎದ್ದು ನಿಂತು ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ. ಭಾಷಣಕಾರರ ಮೇಲೆ ನನಗೆ ದ್ವೇಷವಿಲ್ಲ. ಅವರು ಆಡಿದ್ದು ನಮ್ಮಲ್ಲಿ ಬಹುಮಂದಿ ಮನೆಯೊಳಗೆ ಆಡುವ ಮಾತನ್ನೇ.

ಮೊದಲು ಭೂಗೋಳ. ಶಿಲ್ಲಾಯಿ ಇರುವುದು ಸಿರಮೌರ್ ಜಿಲ್ಲೆಯಲ್ಲಿ, ಗಿರಿ ನದಿಯ ಆಚೆಯ ಬೆಟ್ಟಗಳಲ್ಲಿ. ಅಲ್ಲಿಯವರು ಹಾಟ್ಟಿ ಸಮುದಾಯದವರು, ಪಹಾಡಿ ನುಡಿಯವರು. ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸುವ ಶಾಸನವನ್ನು ಸಂಸತ್ತು ಅಂಗೀಕರಿಸಿದ್ದು 2023ರಲ್ಲಿ. ಯಾವ ಅರ್ಥದಲ್ಲಿಯೂ ಅವರು ಪಂಜಾಬಿಗಳಲ್ಲ. ಅಲ್ಲಿ ಈ ಪದ್ಧತಿಗೆ ‘ಜೋಡಿದಾರ’ ಎಂಬ ಹೆಸರಿದೆ. ಕೇಳಿದರೆ ಅವರು ಕೊಡುವ ಮೊದಲ ಕಾರಣವೇ ಬೆಟ್ಟದ ಮೇಲಿನ ಅಂಗೈಯಗಲದ ಹೊಲ ಮಕ್ಕಳ ಕಾಲಕ್ಕೆ ಚೂರಾಗಬಾರದೆಂಬುದು. ಇನ್ನು ಪಾಂಚಾಲಿ. ದ್ರುಪದನ ಪಾಂಚಾಲ ದೇಶ ಗಂಗೆ-ಯಮುನೆಗಳ ಕಡೆಯದು. ಅಹಿಚ್ಛತ್ರವೂ ಕಾಂಪಿಲ್ಯವೂ ಇಂದಿನ ಉತ್ತರ ಪ್ರದೇಶದಲ್ಲಿವೆ. ಐದು ನದಿಗಳ ನಾಡು ಪಂಚನದ. ಎರಡು ಹೆಸರುಗಳಲ್ಲೂ ‘ಪಂಚ’ ಎಂಬ ಸದ್ದಿದೆ ಎಂಬುದನ್ನು ಬಿಟ್ಟರೆ ಅವೆರಡಕ್ಕೂ ನಂಟಿಲ್ಲ.

ಮಹಾಭಾರತದಲ್ಲಿ ಪಂಚನದವೇನೋ ಬರುತ್ತದೆ, ಆದರೆ ಬೇರೆ ಸಂದರ್ಭದಲ್ಲಿ. ಕರ್ಣಪರ್ವದಲ್ಲಿ ಸಾರಥಿಯಾಗಿ ಕುಳಿತ ಶಲ್ಯನನ್ನು ಕರ್ಣ ಹೀಯಾಳಿಸುವ ಭಾಗವನ್ನು ಓದಿದವರಿಗೆ ನೆನಪಿರಬಹುದು. ಮದ್ರರ, ಬಾಹ್ಲೀಕರ ಹೆಂಗಸರಿಗೆ ಮರ್ಯಾದೆಯಿಲ್ಲ, ಅವರ ಊಟ ಕೆಟ್ಟದ್ದು, ಕುಡಿತ ಹೆಚ್ಚು, ಅವರಲ್ಲಿ ಆಸ್ತಿ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ ಎಂದು ಅವನು ಉದ್ದಕ್ಕೆ ಬೈಯುತ್ತಾನೆ. ಪಂಜಾಬಿನ ಮದುವೆ ಪದ್ಧತಿಗಳನ್ನು ಹೊರಗಿನವನೊಬ್ಬ ಬಾಯಿಗೆ ಬಂದಂತೆ ಬೈದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದಿರಬೇಕು. ಅದಕ್ಕೆ ಶಲ್ಯ ಕೊಡುವ ಉತ್ತರ ಚಿಕ್ಕದು: ನೀನು ಆಳುವ ಅಂಗದೇಶದಲ್ಲಿ ರೋಗಿಗಳನ್ನು ಕೈಬಿಡುತ್ತಾರಂತೆ, ಹೆಂಡತಿ ಮಕ್ಕಳನ್ನು ಮಾರುತ್ತಾರಂತೆ, ಅದನ್ನು ಮೊದಲು ನೋಡಿಕೋ. ನಮ್ಮ ಗೋಷ್ಠಿಯಲ್ಲಿ ಕರ್ಣ ಮಾತಾಡಿದ. ಶಲ್ಯ ಹಿಂದಿನ ಸಾಲಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ.

‘ಪಂಜಾಬಿಗಳು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಜನ ಯಾರು? ದೆಹಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಪಂಜಾಬಿ ಬಹುಮಟ್ಟಿಗೆ 1947ರಲ್ಲಿ ಮುಲ್ತಾನಿನಿಂದಲೋ ಲಾಯಲ್‌ಪುರದಿಂದಲೋ ಎಲ್ಲವನ್ನೂ ಬಿಟ್ಟು ಬಂದ ಖತ್ರಿಯ ಅಥವಾ ಅರೋಡಾನ ಮೊಮ್ಮಗ. ಅವರದು ವ್ಯಾಪಾರದ, ಗುಮಾಸ್ತಿಕೆಯ ಕುಲ. ವಿಧವೆಗೆ ಮರುಮದುವೆ ಇಲ್ಲದ್ದನ್ನೇ ಅವರ ಹಿರಿಯರು ಕುಲದ ಗೌರವವೆಂದು ಎಣಿಸಿದ್ದರು. ಹೊಲ ಉಳುವ ಜಾಟರು ಬೇರೆ. ಆ ಜಾಟರಲ್ಲಿಯೂ ಹಿಂದೂಗಳಿದ್ದಾರೆ, ಸಿಖ್ಖರಿದ್ದಾರೆ, ಗಡಿಯ ಆಚೆ ಮುಸಲ್ಮಾನರಿದ್ದಾರೆ. ಒಂದೇ ಗೋತ್ರದ ಹೆಸರು ಮೂರು ಮತಗಳಲ್ಲಿಯೂ ಸಿಗುತ್ತದೆ. ರಜಪೂತರು, ಗುಜ್ಜರರು, ಅರಾಯಿಗಳು, ಸೈನಿಗಳು, ಕಂಬೋಜರು, ದಲಿತ ಸಿಖ್ಖರಾದ ಮಜಹಬಿಗಳು, ಒಬ್ಬೊಬ್ಬರ ಮದುವೆಯ ಕಟ್ಟಳೆ ಒಂದೊಂದು ತೆರ. 1881ರ ಜನಗಣತಿಯ ವರದಿಯಲ್ಲಿ ಡೆನ್ಜಿಲ್ ಇಬೆಟ್‌ಸನ್ ಈ ಜಾತಿಗಳನ್ನು ವಿವರಿಸುವಾಗ ಒಂದು ವಿಷಯವನ್ನು ಗುರುತಿಸಿದ. ಜಾಟರಿಗೂ ರಜಪೂತರಿಗೂ ನಡುವಿನ ಗೆರೆ ಹಲವು ಕಡೆ ರಕ್ತದ್ದಲ್ಲ, ವಿಧವಾ ವಿವಾಹದ್ದು. ವಿಧವೆಗೆ ಮರುಮದುವೆ ಮಾಡಿಸಿದ ರಜಪೂತ ಕುಟುಂಬ ಕೆಳಗಿಳಿದು ಜಾಟರ ಸಾಲಿಗೆ ಬೀಳುತ್ತಿತ್ತು. ಎಂದರೆ ಅಲ್ಲಿ ಜಾತಿ ಪದ್ಧತಿಯನ್ನು ಹುಟ್ಟಿಸಿದ್ದಕ್ಕಿಂತ ಪದ್ಧತಿಯೇ ಜಾತಿಯನ್ನು ಹುಟ್ಟಿಸಿದ್ದು ಹೆಚ್ಚು. ‘ರಕ್ತದಲ್ಲೇ ಇದೆ’ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಕಾಣೆ.

ಆ ಪದ್ಧತಿಗೆ ಕರೇವಾ ಎಂದು ಹೆಸರು. ಸಿಖ್ಖರ ಸೀಮೆಯಲ್ಲಿ ಚಾದರ್ ಅಂದಾಜಿ, ಅಂದರೆ ಚಾದರ ಹೊದಿಸುವುದು. ಗಂಡ ಸತ್ತರೆ ಅವನ ತಮ್ಮ, ತಮ್ಮನಿಲ್ಲದಿದ್ದರೆ ಅಣ್ಣ, ಅವನೂ ಇಲ್ಲದಿದ್ದರೆ ದಾಯಾದಿಗಳಲ್ಲೊಬ್ಬ, ಬಿರಾದರಿಯ ನಾಲ್ಕು ಜನರೆದುರು ವಿಧವೆಯ ತಲೆಯ ಮೇಲೆ ಚಾದರ ಹಾಕುತ್ತಾನೆ. ಕೈಗೆ ಬಳೆ ಬರುತ್ತದೆ, ಬೆಲ್ಲ ಹಂಚುತ್ತಾರೆ. ಸಪ್ತಪದಿಯಿಲ್ಲ, ಮಂಗಳವಾದ್ಯವಿಲ್ಲ. ಕನ್ಯಾದಾನ ಒಮ್ಮೆ ಆಗಿಹೋಗಿದೆ, ಕೊಟ್ಟ ವಸ್ತುವನ್ನು ಮತ್ತೊಮ್ಮೆ ಕೊಡುವುದೆಂತು ಎಂಬ ತರ್ಕ. ಚಾದರ ಹಾಕಿದವನಿಗೆ ಮೊದಲೇ ಹೆಂಡತಿಯಿದ್ದರೆ? ಇರಲಿ. ಒಬ್ಬ ಹೆಂಡತಿ ಅಗ್ನಿಸಾಕ್ಷಿಯವಳು, ಇನ್ನೊಬ್ಬಳು ಚಾದರದವಳು, ಇಬ್ಬರಿಗೂ ಒಂದೇ ಅಂಗಳ. ಪಂಜಾಬಿನ ಒಕ್ಕಲು ಮನೆಗಳಲ್ಲಿ ಕಾಣುತ್ತಿದ್ದ ದ್ವಿಪತ್ನೀತ್ವದಲ್ಲಿ ದೊಡ್ಡ ಪಾಲು ಹೀಗೆ ಬಂದದ್ದು. ಕಾಮುಕತೆಯ ಕತೆಗಳನ್ನು ಹುಡುಕಿ ಹೋದವನಿಗೆ ಸಿಗುವುದು ಬರೀ ಪಹಣಿ ಲೆಕ್ಕ.

ಅದು ಹೇಗೆಂದು ಸ್ವಲ್ಪ ವಿವರಿಸಬೇಕು. ಗಂಡುಮಕ್ಕಳಿಲ್ಲದ ವಿಧವೆಗೆ ಗಂಡನ ಪಾಲಿನ ಹೊಲದ ಮೇಲೆ ಅವಳು ಬದುಕಿರುವವರೆಗೆ ಹಕ್ಕಿತ್ತು. ಅನುಭವಿಸಬಹುದು, ಮನಬಂದಂತೆ ಪರಭಾರೆ ಮಾಡುವಂತಿಲ್ಲ. ಅವಳು ಒಂಟಿಯಾಗಿ ಹೊಲ ನಡೆಸಿದರೆ ಮೈದುನಂದಿರು ಅವಳ ಸಾವಿಗಾಗಿ ಕಾಯಬೇಕು. ಅವಳು ಹೊರಗಿನವನನ್ನು ಕೂಡಿಕೊಂಡರೆ ಹೊಲದ ಹಕ್ಕು ಹೋಗುತ್ತಿತ್ತು, ಆದರೆ ದುಡಿಯುವ ಎರಡು ಕೈಗಳೂ ಅವಳೊಂದಿಗೆ ಹೋಗುತ್ತಿದ್ದವು. ಮೈದುನ ಚಾದರ ಹಾಕಿದನೆಂದರೆ ಹೊಲ, ಕೈ, ಮುಂದೆ ಹುಟ್ಟುವ ಮಕ್ಕಳು, ಎಲ್ಲವೂ ಮನೆಯೊಳಗೇ ಉಳಿದವು. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮಾತ್ರ ಮದುವೆ ಮಾಡಿ ಉಳಿದವರನ್ನು ಅವಿವಾಹಿತರಾಗಿ ದುಡಿಸುವುದೂ ಇದೇ ಲೆಕ್ಕದ ಇನ್ನೊಂದು ಮುಖ. ಎರಡು ಎಕರೆಯ ಮನೆಯಲ್ಲಿ ನಾಲ್ವರು ಸೊಸೆಯಂದಿರೆಂದರೆ ಮುಂದಿನ ತಲೆಮಾರಿಗೆ ಅರ್ಧರ್ಧ ಎಕರೆ. ಅಂಥ ಮನೆಗಳಲ್ಲಿ ಆ ಒಬ್ಬಳ ಮೇಲೆ ಉಳಿದವರ ಹಕ್ಕು ಎಷ್ಟರಮಟ್ಟಿಗೆ ಎಂಬುದನ್ನು ಊರು ಪಿಸುಮಾತಿನಲ್ಲಿ ಆಡುತ್ತದೆ, ಬಹಿರಂಗವಾಗಿ ಒಪ್ಪುವುದಿಲ್ಲ. ಬೆಟ್ಟದವರು ಹಾಡು ಹಾಡಿ ಹೇಳಿದ್ದನ್ನು ಬಯಲಿನವರು ಬಾಗಿಲು ಮುಚ್ಚಿ ಹೇಳುತ್ತಾರೆ, ಅಷ್ಟೇ. ಎರಡೂ ಕಡೆ ಆ ಹೆಣ್ಣನ್ನು ಕೇಳಿದವರು ಕಡಿಮೆ.

ಅರಸರೂ ಇದೇ ಲೆಕ್ಕವನ್ನು ದೊಡ್ಡ ಅಂಕಿಗಳಲ್ಲಿ ಬರೆದರು. 1811ರಲ್ಲಿ ಗುಜರಾತಿನ (ಇದು ಪಂಜಾಬಿನ ಗುಜರಾತ್ ಪಟ್ಟಣ, ನಮ್ಮ ಗುಜರಾತ್ ರಾಜ್ಯವಲ್ಲ) ಸಾಹಿಬ್ ಸಿಂಗ್ ಭಂಗಿ ತೀರಿಕೊಂಡಾಗ ಅವನ ಇಬ್ಬರು ವಿಧವೆಯರಾದ ರತನ್ ಕೌರ್ ಮತ್ತು ದಯಾ ಕೌರರನ್ನು ಮಹಾರಾಜ ರಣಜಿತ್ ಸಿಂಗ್ ಚಾದರ ಹಾಕಿ ತನ್ನ ಅಂತಃಪುರಕ್ಕೆ ಸೇರಿಸಿಕೊಂಡ. ರಾಜ್ಯ ಅದಾಗಲೇ ಅವನದಾಗಿತ್ತು. ಸತ್ತ ಸರದಾರನ ಮನೆಯ ಹಕ್ಕುದಾರಿಕೆಯೂ ಆಗ ಚಾದರದೊಳಕ್ಕೆ ಬಂತು. ಸತಿ ಪದ್ಧತಿಯನ್ನು ಸಿಖ್ ಗುರುಗಳು ಖಂಡಿಸಿದ್ದರೂ, 1839ರಲ್ಲಿ ಇದೇ ಮಹಾರಾಜನ ಚಿತೆಯಲ್ಲಿ ನಾಲ್ವರು ರಾಣಿಯರೂ ಏಳು ದಾಸಿಯರೂ ಬೆಂದರು. ಧರ್ಮಗ್ರಂಥ ಒಂದು ಹೇಳಿದರೆ ಅರಮನೆ ಇನ್ನೊಂದು ಮಾಡುವುದು ಪಂಜಾಬಿನ ವಿಶೇಷವೇನಲ್ಲ.

ಇಷ್ಟಾದರೂ ಅದು ಬಾಯಿಮಾತಿನ ಕಟ್ಟಳೆ. ಬಾಯಿಮಾತಿಗೆ ಬಳುಕು ಇರುತ್ತದೆ. ಊರಿಂದ ಊರಿಗೆ, ಮನೆಯಿಂದ ಮನೆಗೆ ವ್ಯತ್ಯಾಸವಿರುತ್ತದೆ. ಗಟ್ಟಿ ಅತ್ತೆಯೊಬ್ಬಳೋ ತವರಿನ ಬಲವುಳ್ಳ ಸೊಸೆಯೊಬ್ಬಳೋ ಇದ್ದರೆ ಅದನ್ನು ಬಗ್ಗಿಸಬಹುದು. ಅದನ್ನು ಕಬ್ಬಿಣ ಮಾಡಿದವರು ನಮ್ಮಂಥ ಅಧಿಕಾರಿಗಳು. 1849ರಲ್ಲಿ ಪಂಜಾಬನ್ನು ನುಂಗಿದ ಕಂಪನಿಗೆ, ಆಮೇಲೆ ರಾಣಿಯ ಸರಕಾರಕ್ಕೆ, ಬೇಕಾಗಿದ್ದುದು ತಪ್ಪದೆ ಬರುವ ಕಂದಾಯ ಮತ್ತು ತಪ್ಪದೆ ಬರುವ ಸಿಪಾಯಿಗಳು. 1872ರ ಪಂಜಾಬ್ ಕಾಯಿದೆಗಳ ಅಧಿನಿಯಮದ 5ನೆಯ ಕಲಮಿನಲ್ಲಿ ಮದುವೆ, ವಾರಸಿಕೆ, ಹೆಂಗಸರ ಆಸ್ತಿ ಮುಂತಾದ ವಿಷಯಗಳಲ್ಲಿ ತೀರ್ಪಿಗೆ ಮೊದಲ ಆಧಾರ ರೂಢಿ ಎಂದು ಬರೆದರು. ಹಿಂದೂಗಳ ಧರ್ಮಶಾಸ್ತ್ರ, ಮುಸಲ್ಮಾನರ ಶರೀಯತ್ ಎರಡೂ ಅದರ ಹಿಂದೆ. ಬಂದೋಬಸ್ತು ಅಧಿಕಾರಿಗಳು ‘ರಿವಾಜ್-ಎ-ಆಮ್’, ‘ವಾಜಿಬ್-ಉಲ್-ಅರ್ಜ್’ ಎಂಬ ದಫ್ತರಗಳನ್ನು ತುಂಬಿದರು. 1880ರಲ್ಲಿ ರ‍್ಯಾಟಿಗನ್, 1881ರಲ್ಲಿ ಟಪ್ಪರ್, ಇಬ್ಬರೂ ಆ ರೂಢಿಯನ್ನು ಗ್ರಂಥ ಮಾಡಿದರು. ಕುಲದ ಕಟ್ಟು ಸಡಿಲಿದರೆ ರಾಜ್ಯದ ಕಟ್ಟೂ ಸಡಿಲೀತು ಎಂಬುದು ಟಪ್ಪರನ ನಿಲುವು. ದಫ್ತರಕ್ಕಾಗಿ ಯಾರನ್ನು ಕೇಳಿದರು? ಲಂಬರದಾರರನ್ನು, ಜಮೀನುಳ್ಳ ಮುದುಕರನ್ನು. ವಿಧವೆಯ ವಿಷಯವನ್ನು ಮೈದುನನಿಂದ ಕೇಳಿ ಬರೆದ ಪುಸ್ತಕ ಮುಂದೆ ವಿಧವೆಯ ವಿರುದ್ಧವೇ ನ್ಯಾಯಾಲಯದಲ್ಲಿ ಸಾಕ್ಷಿಯಾಯಿತು.

ಅದರ ಫಲ ಏನಾಯಿತೆಂದು ತಿಳಿಯಲು ಪ್ರೇಮ್ ಚೌಧರಿಯವರು ಹರಿಯಾಣದ ರೈತ ಹೆಂಗಸರನ್ನು ಕುರಿತು 1994ರಲ್ಲಿ ಪ್ರಕಟಿಸಿದ ‘ದಿ ವೇಲ್ಡ್ ವಿಮೆನ್’ ಪುಸ್ತಕವನ್ನು ಓದಬೇಕು. ಈ ಸಂಗತಿಗಳನ್ನು ನಾನು ಮೊದಲು ಸರಿಯಾಗಿ ಕಲಿತದ್ದು ಅಲ್ಲಿಯೇ. ತಾನು ಕರೇವಾ ಒಪ್ಪಿಲ್ಲ ಎಂದು ವಿಧವೆ ಹೇಳುತ್ತಾಳೆ, ಒಪ್ಪಿ ಜೊತೆಗೆ ಬಾಳಿದ್ದಾಳೆ ಎಂದು ಮೈದುನ ಹೇಳುತ್ತಾನೆ. ಗೆದ್ದವನಿಗೆ ಹೊಲ. ಜಿಲ್ಲಾಧಿಕಾರಿಯ ಬಳಿಗೆ ಹೋಗಿ ಬೇರೆಯವನನ್ನು ಮದುವೆಯಾಗಲು ಅಪ್ಪಣೆ ಬೇಡಿದ ಹೆಂಗಸರಿಗೆ, ಆದಷ್ಟು ಗಂಡನ ಮನೆಯಲ್ಲೇ ಹೊಂದಿಕೊಂಡು ಹೋಗು ಎಂಬ ಉಪದೇಶ ಸಿಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಈ ಸೀಮೆಯಿಂದ ಸೇನೆಗೆ ಹೋದವರು ಕೊನೆಯಿಲ್ಲದಷ್ಟು. ಸತ್ತ ಸಿಪಾಯಿಯ ವಿಧವೆ ಮೈದುನನ ಮನೆಯಲ್ಲಿ ಅಡಗಿಹೋದರೆ ಸರಕಾರಕ್ಕೂ ನೆಮ್ಮದಿ, ಮುಂದಿನ ಸಿಪಾಯಿಯನ್ನು ಹೆರುವ ಒಡಲೂ ವ್ಯರ್ಥವಾಗಲಿಲ್ಲ. ನಾನು ಕಟುವಾಗಿ ಬರೆಯುತ್ತಿದ್ದೇನೆ ಎನ್ನಿಸಬಹುದು. ಹಳೆಯ ದಫ್ತರಗಳ ಭಾಷೆ ಇದಕ್ಕಿಂತ ಮೃದುವಾಗೇನೂ ಇಲ್ಲ.

ಗಡಿಯ ಆಚೆಗೂ ಒಂದು ಮಾತು. 1937ರ ಶರೀಯತ್ ಕಾಯಿದೆ ಮುಸಲ್ಮಾನರಿಗೆ ರೂಢಿಯ ಬದಲು ಶರೀಯತ್ತನ್ನು ಅನ್ವಯಿಸಿತು, ಆದರೆ ಸಾಗುವಳಿ ಭೂಮಿಯನ್ನು ಮಾತ್ರ ಹೊರಗಿಟ್ಟಿತು. ಶರೀಯತ್ತಿನಂತೆ ಮಗಳಿಗೆ ಪಾಲುಂಟು. ರೂಢಿಯಂತೆ ಇಲ್ಲ. ಜಮೀನ್ದಾರನಿಗೆ ಯಾವುದು ಬೇಕೆಂದು ಹೇಳಬೇಕಾಗಿಲ್ಲ. 1948ರಲ್ಲಿ ಪಶ್ಚಿಮ ಪಂಜಾಬು ಆ ಕೊರತೆಯನ್ನು ಶಾಸನದಿಂದ ತುಂಬಿತು. 1961ರ ಕುಟುಂಬ ಕಾಯಿದೆ ಎರಡನೆಯ ಹೆಂಡತಿಯನ್ನು ತರುವವನು ಸಮಿತಿಯ ಅನುಮತಿ ಪಡೆಯಬೇಕೆಂದಿತು. ಹೆಣ್ಣು ಕೊಟ್ಟು ಹೆಣ್ಣು ತರುವ ‘ವಟ್ಟಾ-ಸಟ್ಟಾ’ ಇಂದಿಗೂ ಅಲ್ಲಿ ಹಳ್ಳಿಹಳ್ಳಿಗಳಲ್ಲಿ ಉಂಟು. ಬಹುಪತ್ನೀತ್ವವೆಂದರೆ ಇಸ್ಲಾಮಿನದು ಎಂದು ಮೂಗು ಮುರಿಯುವ ನಮ್ಮ ಮಿತ್ರರು ಇನ್ನೊಂದನ್ನು ಗಮನಿಸಬೇಕು. ಹೆಂಡತಿಯಿರುವ ಹಿಂದೂ ಗಂಡಸರು ಇನ್ನೊಬ್ಬಳನ್ನು ಕಟ್ಟಿಕೊಳ್ಳಲೆಂದೇ ಕಲ್ಮಾ ಓದುವುದನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸರಳಾ ಮುದ್ಗಲ್ ಪ್ರಕರಣದಲ್ಲಿ ಖಂಡಿಸಿ, ಅಂಥ ಎರಡನೆಯ ಮದುವೆ ನಿಲ್ಲದು ಎಂದಿತು. ಆದರೂ 2008ರಲ್ಲಿ ಹರಿಯಾಣದ ಉಪಮುಖ್ಯಮಂತ್ರಿಯೊಬ್ಬರು ಅದೇ ದಾರಿ ಹಿಡಿದು ಪದವಿ ಕಳೆದುಕೊಂಡರು.

ಸ್ವತಂತ್ರ ಭಾರತ ಏನು ಮಾಡಿತು? 1955ರ ಹಿಂದೂ ವಿವಾಹ ಕಾಯಿದೆ ಹಿಂದೂ, ಸಿಖ್ಖರೆಲ್ಲರಿಗೂ ಏಕಪತ್ನೀತ್ವ, ಏಕಪತಿತ್ವವನ್ನು ವಿಧಿಸಿತು. ರೂಢಿಯ ಶಾಸ್ತ್ರಗಳಿಗೆ ಮನ್ನಣೆ ಕೊಟ್ಟಿತಾದ್ದರಿಂದ ಕರೇವಾ ಅಕ್ರಮವಾಗಲಿಲ್ಲ, ಹೆಂಡತಿಯಿರುವವನು ಹಾಕುವ ಚಾದರ ಮಾತ್ರ ಅಕ್ರಮವಾಯಿತು. 1956ರ ವಾರಸಾ ಕಾಯಿದೆ ವಿಧವೆಯನ್ನು ಗಂಡನ ಪಾಲಿಗೆ ಪೂರ್ಣ ಒಡತಿಯನ್ನಾಗಿ ಮಾಡಿತು. ಇನ್ನು ಅವಳು ಮಾರಬಹುದು, ಮಗಳಿಗೆ ಕೊಡಬಹುದು. ಕಾನೂನು ಅವಳ ಕೈಗೆ ಬೀಗದ ಕೈ ಕೊಟ್ಟ ದಿನವೇ ಮನೆಯವರಿಗೆ ಚಾದರದ ಅಗತ್ಯ ಇಮ್ಮಡಿಯಾಯಿತು. ಅವಳು ಹೊರಗೆ ಹೋದರೆ ಈಗ ಹೊಲವೂ ಹೋಗುತ್ತದೆಯಲ್ಲ! ಅದೇ ಕಾಯಿದೆಯ 24ನೆಯ ಕಲಮು, ಮರುಮದುವೆಯಾದ ಸೊಸೆ ಮಾವನ ಆಸ್ತಿಗೆ ವಿಧವೆಯೆಂದು ಹಕ್ಕು ಹೇಳುವಂತಿಲ್ಲ ಎಂದಿತ್ತು. ಅದನ್ನು ತೆಗೆದುಹಾಕಿದ್ದು 2005ರಲ್ಲಿ.

ಈಗ ನನ್ನ ಕಡತಕ್ಕೆ ಬರುತ್ತೇನೆ. ಈ ಲೇಖನ ಬರೆಯುವ ಅರ್ಹತೆ ನನಗಿದ್ದರೆ ಅದು ಪುಸ್ತಕಗಳಿಂದ ಬಂದದ್ದಲ್ಲ.

ಇಪ್ಪತ್ತೈದು ವರ್ಷಗಳ ಹಿಂದೆ ನಾನು ಹರಿಯಾಣದ ಒಂದು ಊರಿನಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಸೈನಿಕರ ಕುಟುಂಬಗಳಿಗೆ ಸಲ್ಲಬೇಕಾದ ಹಣದ ಕಾಗದಪತ್ರಗಳು ನನ್ನ ಮೇಜಿಗೆ ಬರುತ್ತಿದ್ದವು. ಶೌರ್ಯಪದಕ ಪಡೆದ ಯೋಧ ತೀರಿಕೊಂಡರೆ ಪದಕದೊಂದಿಗಿನ ಮಾಸಿಕ ಭತ್ಯೆ ಅವನ ವಿಧವೆಗೆ ಸಲ್ಲುತ್ತದೆ. ಅವಳು ಮರುಮದುವೆಯಾದರೆ ನಿಲ್ಲುತ್ತದೆ. ಆದರೆ ಆಗಿನ ನಿಯಮದಲ್ಲಿ ಒಂದು ವಿನಾಯಿತಿ ಇತ್ತು: ಅವಳು ಮೃತ ಗಂಡನ ಸಹೋದರನನ್ನೇ ಮದುವೆಯಾಗಿ ಆ ಕುಟುಂಬದೊಂದಿಗೇ ಬಾಳಿದರೆ ಭತ್ಯೆ ಮುಂದುವರಿಯುತ್ತದೆ. ಓದುಗರು ಇದನ್ನು ಇನ್ನೊಮ್ಮೆ ಓದಬೇಕು. ಇದು ಖಾಪ್ ಪಂಚಾಯತಿಯ ನಿರ್ಣಯವಲ್ಲ, ಗಣರಾಜ್ಯದ ಆದೇಶ. ರಿವಾಜ್-ಎ-ಆಮ್ ದಫ್ತರ ದೆಹಲಿಯ ಸಚಿವಾಲಯದಲ್ಲಿ ಬೆರಳಚ್ಚಾಗಿ ಹೊರಬಿದ್ದಿತ್ತು.

ಒಬ್ಬ ಮುದುಕ, ಅವನ ಹಿರಿಯ ಮಗ, ಇಪ್ಪತ್ತೈದರ ಆಜುಬಾಜಿನ ಸೊಸೆ, ಮೂವರು ಬಂದರು. ಸೊಸೆಯ ಮುಖ ಘೂಂಘಟಿನಲ್ಲಿ ಮುಚ್ಚಿತ್ತು. ಕಿರಿಯ ಮಗ ಗಡಿಯಲ್ಲಿ ಸತ್ತಿದ್ದ. ಹಿರಿಯನಿಗೂ ಇವಳಿಗೂ ಚಾದರ ಆಗಿದೆ, ಭತ್ಯೆ ಮುಂದುವರಿಯಬೇಕು, ಸರಪಂಚರ ಪತ್ರ ಇಲ್ಲಿದೆ. ಜೇಠನಿಗೆ ಆಗಲೇ ಹೆಂಡತಿ, ಇಬ್ಬರು ಮಕ್ಕಳು ಇರುವ ಸಂಗತಿ ಮಾತಿನ ಓಘದಲ್ಲಿ ಮುದುಕನ ಬಾಯಿಂದ ತಾನಾಗಿ ಬಂತು. ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ನನ್ನ ಮುಂದಿದ್ದ ಕಾಗದದಲ್ಲಿ ‘ಮೃತನ ಸಹೋದರ ಹೌದೇ’ ಎಂಬ ಪ್ರಶ್ನೆಯಿತ್ತು. ‘ಈ ಸಹೋದರನಿಗೆ ಹೆಂಡತಿ ಇದ್ದಾಳೆಯೇ’ ಎಂಬ ಪ್ರಶ್ನೆ ಇರಲಿಲ್ಲ. ಸರಕಾರಿ ನೌಕರನಾದ ನಾನೇ ಎರಡನೆಯ ಮದುವೆಯಾಗಿದ್ದರೆ 1964ರ ನಡತೆ ನಿಯಮಗಳ 21ನೆಯ ನಿಯಮದಂತೆ ಮನೆಗೆ ಹೋಗಬೇಕಾಗಿತ್ತು. ಇಲ್ಲಿ ಅದೇ ಸರಕಾರ, ಕಾನೂನು ಮದುವೆಯೆಂದೇ ಒಪ್ಪದ ಸಂಬಂಧಕ್ಕೆ ತಿಂಗಳು ತಿಂಗಳು ಹಣ ಕೊಡಲು ಸಿದ್ಧವಿತ್ತು.

ನಾನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದೆ, ಕೇಳಿದೆನೆಂಬ ಸಮಾಧಾನಕ್ಕೆ. “ನಿನಗೆ ಒಪ್ಪಿಗೆಯೇನಮ್ಮಾ?” ಅವಳು ಘೂಂಘಟಿನೊಳಗಿಂದ ಕೇಳಿದಳು: “ಸಾಹೇಬ್, ಬೇರೆಯವನನ್ನು ಮಾಡಿಕೊಂಡರೆ ಪದಕ ಯಾರ ಹತ್ತಿರ ಇರುತ್ತದೆ?” ಮುದುಕ ಅವಳತ್ತ ತಿರುಗಿದ. ಅವಳು ಮತ್ತೆ ಮಾತಾಡಲಿಲ್ಲ. ಭತ್ಯೆಯ ಬಗ್ಗೆ ಅವಳು ಕೇಳಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಅವರು ಹೋದ ಮೇಲೆ. ಸಂಜೆ ಐದಕ್ಕೆ ಮುಂಚೆ ಕಡತಕ್ಕೆ ಸಹಿ ಹಾಕಿದೆ. ಹಾಕದಿದ್ದರೆ ಅವಳಿಗೆ ಆ ಹಣವೂ ತಪ್ಪುತ್ತಿತ್ತು ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಆ ಹಣ ಅವಳ ಕೈಗೆ ಬಂತೆಂಬುದಕ್ಕೆ ನನ್ನಲ್ಲಿ ಯಾವ ದಾಖಲೆಯೂ ಇಲ್ಲ.

ಆ ಷರತ್ತನ್ನು ರಕ್ಷಣಾ ಸಚಿವಾಲಯ ರದ್ದು ಮಾಡಿದ್ದು 2017ರ ನವೆಂಬರ್ 16ರಂದು. ಈಗ ವಿಧವೆ ಯಾರನ್ನು ಮದುವೆಯಾದರೂ ಭತ್ಯೆ ಅವಳದೇ. ಗಣರಾಜ್ಯಕ್ಕೆ ಅರವತ್ತೇಳು ವರ್ಷ ತುಂಬಿದ ಮೇಲೆ!

ನನಗೆ ಎದುರಾಡುವವರು ಒಂದು ಮಾತು ಹೇಳಬಹುದು, ಅದರಲ್ಲಿ ಹುರುಳಿದೆ. ಕರೇವಾ ಇಲ್ಲದ ಉಚ್ಚ ಕುಲಗಳ ವಿಧವೆಯರು ಏನು ಸುಖಪಟ್ಟರು? ತಲೆ ಬೋಳಿಸಿ ಮೂಲೆಗೆ ಕೂರಿಸಿದ ನಮ್ಮ ಅಜ್ಜಿಯರನ್ನು ನೋಡಿದವರಿಗೆ ಚಾದರ ಒಂದು ಕರುಣೆಯಂತೆ ಕಂಡರೆ ತಪ್ಪಲ್ಲ. ಅವಳಿಗೆ ಬಳೆ ಉಂಟು, ಮಕ್ಕಳುಂಟು, ಜಗಳವಾಡುವ ಹಕ್ಕೂ ಉಂಟು. ಹೆಣ್ಣುಮಗುವನ್ನು ಕೊಲ್ಲುವುದರ ವಿರುದ್ಧ 1870ರಲ್ಲಿ ಶಾಸನ ಮಾಡಬೇಕಾಗಿ ಬಂದಾಗ ಬೆರಳು ಮೊದಲು ತೋರಿದ್ದು ಕುಲಗೌರವದ ಹೆಸರಿನ ಉಚ್ಚ ಮನೆತನಗಳ ಕಡೆಗೇ. ರಾಜಿಂದರ್ ಸಿಂಗ್ ಬೇಡಿಯವರ ಉರ್ದು ಕಿರುಕಾದಂಬರಿ ‘ಏಕ್ ಚಾದರ್ ಮೈಲೀ ಸೀ’ (1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು) ಈ ಎರಡು ಅಲುಗನ್ನೂ ಬಲ್ಲ ಕೃತಿ. ಟಾಂಗಾವಾಲಾನ ವಿಧವೆ ರಾನೋ, ತಾನು ಮಗನಂತೆ ಬೆಳೆಸಿದ ಮೈದುನ ಮಂಗಲನ ಚಾದರದಡಿ ಹೋಗಬೇಕಾಗುತ್ತದೆ. ಬೇಡಿಯವರು ಊರನ್ನು ರಾಕ್ಷಸರ ಊರನ್ನಾಗಿ ಚಿತ್ರಿಸಲಿಲ್ಲ. ಚಾದರ ಹಾಕಿಸುವ ಪಂಚರಿಗೆ ಅವಳ ಹೊಟ್ಟೆಯ ಚಿಂತೆಯಿದೆ. ಮಂಗಲನಿಗೂ ಅದು ಬೇಡ. ಆದರೂ ಅದು ಆಗಿಯೇ ತೀರುತ್ತದೆ.

ನಮ್ಮ ಕಡೆ ಉಡಿಕೆ ಇರಲಿಲ್ಲವೇ? ಸೀರುಡಿಕೆ, ಕೂಡಿಕೆ ಎಂದು ಊರಿಗೊಂದು ಹೆಸರು. ಅಲ್ಲಿ ಚಾದರ, ಇಲ್ಲಿ ಸೀರೆ. ಲಗ್ನದ ಸಡಗರವಿಲ್ಲದೆ, ಮುತ್ತೈದೆಯರನ್ನು ದೂರವಿಟ್ಟು ನಡೆಯುತ್ತಿದ್ದ ಶಾಸ್ತ್ರ. ಉಡಿಕೆಯಿರುವ ಜಾತಿ ಇಲ್ಲದ ಜಾತಿಗಿಂತ ಕೀಳೆಂಬ ಎಣಿಕೆ ನಮ್ಮಲ್ಲಿಯೂ ಇತ್ತು. ಇಬೆಟ್‌ಸನ್ ಜಾಟ-ರಜಪೂತರ ಬಗ್ಗೆ ಬರೆದದ್ದನ್ನು ನಮ್ಮ ಯಾವ ತಾಲ್ಲೂಕಿನಲ್ಲಿಯೂ ಬರೆಯಬಹುದಾಗಿತ್ತು.

‘ಒಬ್ಬ ಹೆಂಡತಿ, ಹಲವು ಅಣ್ಣತಮ್ಮಂದಿರು’ ಎಂಬ ಪಿಸುಮಾತು ಈಗ ಮತ್ತೆ ಪತ್ರಿಕೆಗಳಿಗೆ ಬರುತ್ತಿರುವುದಕ್ಕೆ ಹಳೆಯ ಪದ್ಧತಿಯ ಮೇಲೆ ತಪ್ಪು ಹೊರಿಸುವಂತಿಲ್ಲ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಪಂಜಾಬಿನಲ್ಲಿ 798, ಹರಿಯಾಣದಲ್ಲಿ 819 ಹೆಣ್ಣುಮಕ್ಕಳಿದ್ದರು. 2011ಕ್ಕೆ ಅದು 846 ಮತ್ತು 834 ಆಯಿತು. ಅಂದು ಹುಟ್ಟದೆ ಹೋದ ಹೆಣ್ಣುಮಕ್ಕಳ ಓರಗೆಯ ಹುಡುಗರು ಇಂದು ಮದುವೆಯ ವಯಸ್ಸಿನವರು. ಅವರಿಗಾಗಿ ಅಸ್ಸಾಮ್, ಬಂಗಾಳ, ಬಿಹಾರ, ಒಡಿಶಾಗಳಿಂದ ಹಣ ಕೊಟ್ಟು ಹುಡುಗಿಯರನ್ನು ತರುತ್ತಾರೆ. ‘ಮೋಲ್ಕಿ’ ಎಂದು ಅವರನ್ನು ಕರೆಯುತ್ತಾರೆ, ಬೆಲೆ ಕೊಟ್ಟು ಕೊಂಡವಳು ಎಂದರ್ಥ. ಮೇವಾತದಲ್ಲಿ ‘ಪಾರೋ’. ನುಡಿ ಬಾರದ, ತವರು ಸಾವಿರ ಮೈಲಿ ದೂರದ ಆ ಹುಡುಗಿಗೆ ಮೈದುನನ ಮುಂದೆ ಯಾವ ರಕ್ಷಣೆಯಿದೆ? ಚಾದರಕ್ಕಾದರೂ ಬಿರಾದರಿಯ ನಾಲ್ಕು ಸಾಕ್ಷಿಗಳಿದ್ದರು. ಗರ್ಭದೊಳಗಿನ ಮಗುವನ್ನು ತೋರಿಸುವ ಯಂತ್ರವನ್ನು ಪಂಜಾಬಿನವರಷ್ಟೇ ಕೊಂಡಿಲ್ಲ ಎಂಬುದೂ ನಮ್ಮ ಭಾಷಣಕಾರರಿಗೆ ತಿಳಿದಿರಬೇಕು. 2011ರಲ್ಲಿ ಕರ್ನಾಟಕದ ಅಂಕಿ 948.

ಹೊರನಾಡಿನಲ್ಲಿರುವ ನಮ್ಮನ್ನು ಇಲ್ಲಿಯ ಜನ ಬಹಳ ಕಾಲ ‘ಮದ್ರಾಸಿ’ ಎಂದು ಕರೆದರು. ಇಡ್ಲಿ ತಿನ್ನುವವರು, ಸೋದರಮಾವನನ್ನು ಮದುವೆಯಾಗುವವರು ಎಂದು ನಕ್ಕರು. ನನ್ನ ಹೆಂಡತಿ ನನ್ನ ಅಕ್ಕನ ಮಗಳೆಂದು ತಿಳಿದ ದಿನ ನನ್ನ ಕಚೇರಿಯ ಸರದಾರ್‌ಜಿಯೊಬ್ಬರು ಎರಡು ದಿನ ನನ್ನೊಡನೆ ಊಟಕ್ಕೆ ಕೂರಲಿಲ್ಲ. ಮೂರನೆಯ ದಿನ ಬಂದು, “ರಾಯರೇ, ಅದು ಯಾಕೆ ಹಾಗೆ?” ಎಂದು ಕೇಳಿದರು. ಆಸ್ತಿ, ಸಲಿಗೆ, ವರದಕ್ಷಿಣೆಯ ಉಳಿತಾಯ, ಅಕ್ಕನ ಆಸೆ, ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ತಮ್ಮ ತಾಯಿಗೆ ಆದ ಎರಡನೆಯ ಚಾದರದ ವಿಷಯವನ್ನು ಅಂದು ಮೊದಲ ಸಲ ನನಗೆ ಹೇಳಿದರು. ತಾವು ದೊಡ್ಡಪ್ಪನ ಮಗನೋ ಅಪ್ಪನ ಮಗನೋ ಎಂಬುದು ಮನೆಯಲ್ಲಿ ಯಾರೂ ಎತ್ತದ ಪ್ರಶ್ನೆಯಂತೆ. ಹೊಲವೊಂದು ಒಡೆಯದೆ ಉಳಿಯಿತು, ಅದರಿಂದಲೇ ನಾನು ಕಾಲೇಜು ಓದಿದೆ ಎಂದರು.

ಅವರು ಅಷ್ಟನ್ನು ಹೇಳಿದ ಮೇಲೂ ನಾನು ಅವರಿಗೆ ಹೇಳದೆ ಉಳಿಸಿಕೊಂಡದ್ದೊಂದಿತ್ತು. ಆ ವರ್ಷದ ರಜೆಯಲ್ಲಿ ನಾನು ಊರಿಗೆ ಹೋಗಿ, ಅಪ್ಪ ಬಿಟ್ಟುಹೋದ ನಾಲ್ಕೆಕರೆ ತೋಟಕ್ಕೆ ನನ್ನ ಕಿರಿಯ ತಂಗಿಯಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡು ಬಂದಿದ್ದೆ. ಅವಳು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಓದದೆಯೇ ಸಹಿ ಮಾಡಿದಳು. ಪತ್ರದಲ್ಲಿ ಅರಿಸಿನ ಕುಂಕುಮಕ್ಕೆಂದು ಒಂದು ಮೊತ್ತ ಬರೆಸಿದ್ದೆವು. ಮನೆಗೆ ಬಂದ ಮೇಲೆ ಅಮ್ಮ ಅವಳ ಮಡಿಲಿಗೆ ಒಂದು ಸೀರೆ ಹಾಕಿದಳು.